ಭೂಮಿಯನ್ನು ಊಟಕ್ಕೆ ಕರೆದದ್ದು

ಸೊರಬ ತಾಲ್ಲೂಕು
ಮಂಗಳವಾರ, ಭೂಮಿ ಹುಣ್ಣಿಮೆ
ಮಧ್ಯಾಹ್ನ ಮೂರು ಗಂಟೆ

ಯೋಗೇಶ ಅವರಿಗೆ,

ರಜನಿಯ ನಮಸ್ಕಾರ. ಹಬ್ಬದೂಟ ಮುಗಿಸಿ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ನಾನು ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಇಲ್ಲೇ ಒಂದು ಸಣ್ಣ ಸಂಗತಿ ನೋಡಿದೆ. ಗದ್ದೆಯಿಂದ ತಂದಿಟ್ಟ ಬುಟ್ಟಿಗೆ ಇರುವೆ ಹತ್ತಿದ್ದವು. ಕೆಮ್ಮಣ್ಣು ಬಳಿದ ಬುಟ್ಟಿಯ ಮೈಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ನಾನು ಏಣಿ, ಸಾಲುಗೊಂಬೆಗಳ ಗೆರೆ ಬರೆದಿದ್ದೆ. ಇರುವೆಗಳು ಆ ಗೆರೆಗಳ ಮೇಲೆ ಮಾತ್ರ ನಡೆಯುತ್ತಿದ್ದವು. ಏಣಿ ತಿರುಗಿದಲ್ಲಿ ತಾವೂ ತಿರುಗಿ, ಒಂದು ಗೊಂಬೆಯ ತೋಳು ಹತ್ತಿ, ಪಕ್ಕದ ಗೊಂಬೆಯ ತೋಳಿನಿಂದ ಇಳಿದು, ಒಂದೊಂದೂ ಬಾಯಲ್ಲಿ ಬಿಳಿಯ ಒಂದು ಚೂರು ಕಚ್ಚಿಕೊಂಡು. ಅಮ್ಮ ಅರಿಶಿನ ಉದುರಿಸಲು ಬಂದಳು. ನಾನು ಬೇಡ ಎಂದೆ. ಐದು ದಿನ ಕೂತು ಬರೆದದ್ದನ್ನು ಅವು ಸಂಜೆಯೊಳಗೆ ಹೊತ್ತುಕೊಂಡು ಹೋಗುತ್ತವೆ. ಬೇಸರವಾಗಲಿಲ್ಲ. ನಾನು ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಇದುವರೆಗೆ ಯಾರೂ ಓದಿರಲಿಲ್ಲ.

ಫೋನಿದ್ದೂ ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ‘ಹೂಂ’, ‘ಹೌದು’, ‘ಹಾಗೇನಿಲ್ಲ’ ಈ ಮೂರರಲ್ಲೇ ನಾನು ಕಾಲ ಹಾಕುವವಳು ಎಂದು ನಾಲ್ಕು ತಿಂಗಳಲ್ಲಿ ನಿಮಗೆ ಗೊತ್ತಾಗಿದೆ. “ನಿಮ್ಮ ಜೊತೆ ಮಾತಾಡಿದ್ರೆ ನನ್ನ ದನೀನೇ ನಂಗೆ ವಾಪಸ್ ಬರ್ತದೆ ಕಣ್ರೀ” ಎಂದು ನೀವೇ ತಮಾಷೆ ಮಾಡಿದ್ದಿರಿ. ಅದಕ್ಕೂ ನಾನು ಹೂಂ ಎಂದಿದ್ದೆ. ಈಗ ನಿಮಗೆ ಹೇಳಿದ ಒಂದು ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅದು ‘ಹೂಂ’ನಲ್ಲಿ ಮುಗಿಯುವ ಕೆಲಸವಲ್ಲ.

ಜೂನ್‌ನಲ್ಲಿ ನೀವು ನಿಮ್ಮ ಅಮ್ಮನ ಜೊತೆ ನನ್ನನ್ನು ನೋಡಲು ಬಂದ ದಿನ, ಅವಲಕ್ಕಿ ತಟ್ಟೆ ಕೆಳಗಿಟ್ಟು ನೀವು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. “ಈ ಹರಕೆ, ಶಾಸ್ತ್ರ, ಮೈಮೇಲೆ ಬರೋದು, ಇದೆಲ್ಲ ನಿಮಗೆ ನಂಬಿಕೆ ಇದೆಯೇನ್ರೀ?” ನಾನು “ಇಲ್ಲ” ಎಂದೆ. “ಸದ್ಯ! ಜಗಳ ಆಡಿದಾಗ ಬೇವಿನ ಸೊಪ್ಪು ಹಿಡ್ಕೊಂಡು ಬರಲ್ಲ ಅಂದಂಗಾತು” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಮನೆಯಲ್ಲಿ ಅಜ್ಜಿ ಕೂತಿದ್ದಳು, ಅವಳು ನಕ್ಕದ್ದು ಕೇಳಿಸಲಿಲ್ಲ.

ಆ ‘ಇಲ್ಲ’ ಪೂರ್ತಿ ಸುಳ್ಳೂ ಅಲ್ಲ. ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನೀವು ನನ್ನನ್ನು ನೋಡುವ ಎರಡು ವರ್ಷ ಮುಂಚೆಯೇ ನಾನು ನಿಮ್ಮನ್ನು ನೋಡಿದ್ದೆ. ಶಿಕಾರಿಪುರದ ಕಾಲೇಜಿನಲ್ಲಿ ನೀವು ಪವಾಡಗಳ ಗುಟ್ಟು ಬಿಡಿಸಿ ತೋರಿಸಿದ ದಿನ ನಾನು ಕೊನೆಯ ಬೆಂಚಿನಲ್ಲಿದ್ದೆ. ನಾಲಿಗೆಯ ಮೇಲೆ ಕರ್ಪೂರ ಉರಿಸಿ, “ಇದಕ್ಕೆ ಭಕ್ತಿ ಬೇಡ, ಜೊಲ್ಲು ಸಾಕು” ಎಂದಿರಿ. ಹಾವು ಕಚ್ಚಿದ ಹುಡುಗಿಯನ್ನು ಮಂತ್ರ ಹಾಕುವವನ ಜಗುಲಿಯಿಂದ ಎತ್ತಿಕೊಂಡು ಬೈಕಿನಲ್ಲಿ ಆಸ್ಪತ್ರೆಗೆ ಒಯ್ದದ್ದನ್ನು ಹೇಳುವಾಗ ಮಾತ್ರ ನಿಮ್ಮ ದನಿ ಸಿಟ್ಟಿಗೆ ತಿರುಗಿತು. ನಾನು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೆ. ಸಂಬಂಧದ ಮಾತು ಬಂದಾಗ ನಿಮ್ಮ ಫೋಟೋ ನೋಡಿ ನಾನು ಬೇಗ ಒಪ್ಪಿದ್ದು ಅದಕ್ಕೇ. ಆ ಸಿಟ್ಟಿನ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಅದನ್ನು ಮೊದಲೇ ಹೇಳಿ ಮುಂದಿನದನ್ನು ಬರೆಯುತ್ತಿದ್ದೇನೆ.

ಗದ್ದೆ ಮಾರಿ ಪೇಟೆಗೆ ಬಂದ ಮೇಲೆ ನಿಮ್ಮ ಮನೆಯಲ್ಲಿ ಈ ಹಬ್ಬ ನಿಂತುಹೋಯಿತು, ನಿಮಗೆ ಕಡುಬಿನ ರುಚಿ ಬಿಟ್ಟು ಬೇರೇನೂ ನೆನಪಿಲ್ಲ ಎಂದಿದ್ದಿರಿ. ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಈ ಹೊತ್ತಿಗೆ ಭತ್ತ ಹೊಡೆ ಕಟ್ಟಿರುತ್ತದೆ. ತೆನೆ ಇನ್ನೂ ಹೊರಗೆ ಕಾಣುವುದಿಲ್ಲ, ಎಲೆಯ ಸುರುಳಿಯೊಳಗೆ ಅಡಗಿ ದಂಟು ಮಾತ್ರ ಉಬ್ಬಿರುತ್ತದೆ. ಭೂಮಿ ಈಗ ಬಸುರಿ ಎಂದು ನಮ್ಮವರು ತಿಳಿಯುತ್ತಾರೆ. ಬಸುರಿಗೆ ಬಯಕೆಯ ಊಟ ಹಾಕಬೇಕು. ಕಾಡಿನದು, ಹಿತ್ತಿಲಿನದು, ಬೇಲಿಯದು, ಸಿಕ್ಕ ಸೊಪ್ಪು ಕುಡಿಗಳನ್ನೆಲ್ಲ ಕೂಡಿಸಿ ಬೇಯಿಸಿದ ಹಚ್ಚಂಬಲಿಯನ್ನು ಬುಟ್ಟಿಯಲ್ಲಿ ತುಂಬಿಕೊಂಡು, ಬೆಳಕು ಹರಿಯುವ ಮುಂಚೆ ಮನೆಯ ಯಜಮಾನ ಗದ್ದೆಗೆ ಹೋಗುತ್ತಾನೆ. ಬೇಯಿಸಿದ ಸೊಪ್ಪುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾ, ಎರಚುತ್ತಾ, ಉಣ್ಣಲು ಬಾ ಎಂದು ಭೂಮಿಯನ್ನು ಕರೆಯುತ್ತಾನೆ. ಬುಟ್ಟಿಗೆ ಬರೆಯುವುದು, ಬೇಯಿಸುವುದು ಹೆಂಗಸರು. ಕೂಗುವುದು ಗಂಡಸರು. ನಮ್ಮ ಮನೆಯಲ್ಲಿ ಹಾಗೆಯೇ ನಡೆದುಬಂದಿದೆ.

ಒಂಬತ್ತು ವರ್ಷದವಳಿದ್ದಾಗ, ಬೆಳಗಾದ ಮೇಲೆ ಎಡೆ ಇಡಲು ಹೋಗುವ ಅಮ್ಮನ ಹಿಂದೆ ನಾನೂ ಹೋಗಿದ್ದೆ. ಚಪ್ಪಲಿಯನ್ನು ಬದುವಿನಲ್ಲಿ ಬಿಟ್ಟು ಗದ್ದೆಗೆ ಇಳಿದ ಕೂಡಲೇ ಅಂಗಾಲಿಗೆ ಬೆಚ್ಚಗಾಯಿತು. ಮಲಗಿದ ಹಸುವಿನ ಹೊಟ್ಟೆಯ ಮೇಲೆ ಕೈ ಇಟ್ಟರೆ ಆಗುತ್ತದಲ್ಲ, ಬೆಚ್ಚಗೆ, ನಿಧಾನಕ್ಕೆ ಏರಿ ಇಳಿಯುವ ಹಾಗೆ. ಆ ಕೆಸರು ತಣ್ಣಗಿರಬೇಕಾಗಿತ್ತು. ನಾನು ಅಣ್ಣ ದೇವರಾಜನಿಗೆ ಹೇಳಿದೆ. ಅವನು ಶಾಲೆಗೆಲ್ಲ ಹೇಳಿದ. ಮರುದಿನ ಆಟದ ಬಿಡುವಿನಲ್ಲಿ ಹತ್ತು ಹನ್ನೆರಡು ಮಕ್ಕಳು ಮೈದಾನದಲ್ಲಿ ನೆಲಕ್ಕೆ ಕಿವಿ ಹಚ್ಚಿ ಮಲಗಿ, “ಹಲೋ, ಭೂಮ್ತಾಯಿನಾ? ರಜನಿ ಇದಾಳೆ, ಕೊಡ್ಲಾ?” ಎಂದು ಫೋನ್ ಮಾಡಿದರು. ಅವತ್ತು ಮುಚ್ಚಿದ ಬಾಯಿ ನಾನು. ಆದರೆ ಪ್ರತಿ ವರ್ಷ ಹುಣ್ಣಿಮೆಗೆ ಗದ್ದೆಗೆ ಇಳಿದಾಗ ಅದು ಬರುತ್ತಲೇ ಇತ್ತು. ಯಾರ ಮುಖವನ್ನೂ ನೋಡದೆ, ಕಾಲಿಗೆ ಮುಳ್ಳು ಚುಚ್ಚಿದವಳ ಹಾಗೆ ಕೆಳಗೆ ನೋಡುತ್ತಾ ನಿಂತಿರುತ್ತಿದ್ದೆ.

ಎಂ.ಎ. ಓದುವಾಗ ಇದೇ ಹಬ್ಬದ ಮೇಲೆ ಪ್ರಬಂಧ ಓದಿದೆ. ಅದಕ್ಕಾಗಿ ಒಂದು ಜನವರಿಯಲ್ಲಿ ಅಪ್ಪನನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿ, ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಏಣಿ ಎಂದರೆ ಇದು, ಸಾಲುಗೊಂಬೆ ಎಂದರೆ ಅದು, ಎಲ್ಲವೂ ಫಲವಂತಿಕೆಯ ಸಂಕೇತ ಎಂದು ಸಭೆಯಲ್ಲಿ ವಿವರಿಸಿದೆ. ಎಲ್ಲರೂ ಮೆಚ್ಚಿದರು. ಕೊನೆಗೆ ಒಬ್ಬರು ಎದ್ದು, ನಿಮಗೂ ಇದರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರು. ನನ್ನ ಆಸಕ್ತಿ ಅಧ್ಯಯನಕ್ಕೆ ಸೀಮಿತ ಎಂದೆ. ನಮ್ಮ ಮನೆಯ ಬಾಗಿಲಲ್ಲೇ ನಿಂತು, ಈ ಮನೆ ಯಾರದೋ ಗೊತ್ತಿಲ್ಲ ಎಂದ ಹಾಗೆ.

ಈಗ ಈ ವರ್ಷಕ್ಕೆ ಬರುತ್ತೇನೆ.

ಅಪ್ಪನ ಗಂಟಲಿನಲ್ಲಿದ್ದ ಗಂಟನ್ನು ತೆಗೆಸಿದ್ದು ನಿಮಗೆ ಗೊತ್ತು. ಒಂದು ತಿಂಗಳು ಪಿಸುಮಾತೂ ಆಡಬಾರದು, ಕೂಗಿದರೆ ಇರುವ ದನಿಯೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಈಗ ಚಪ್ಪಾಳೆಯಲ್ಲೇ ಮನೆ ನಡೆಸುತ್ತಿದ್ದಾರೆ. ಒಂದು ತಟ್ಟಿದರೆ ಚಹಾ, ಎರಡು ತಟ್ಟಿದರೆ ಯಾರಾದರೂ ಬನ್ನಿ, ಮೂರು ತಟ್ಟಿದರೆ ಸಿಟ್ಟು. “ಹುಲಿಯಪ್ಪನೋರು ಸೈಲೆಂಟ್ ಮೋಡಲ್ಲಿದ್ರೂ ವೈಬ್ರೇಷನ್ ಕಮ್ಮಿ ಆಗಿಲ್ಲ” ಎಂದು ಅಪ್ಪನ ಹೆಸರು ಹಿಡಿದು ಅಣ್ಣ ಛೇಡಿಸಿದ್ದಕ್ಕೆ ಮೂರು ಚಪ್ಪಾಳೆ ಬಿದ್ದವು.

ಇತ್ತ ಅಜ್ಜಿಯ ಕಣ್ಣಿಗೆ ಪೂರ್ತಿ ಪೊರೆ ಬಂದಿದೆ. ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಐವತ್ತು ಅರವತ್ತು ವರ್ಷ ಬುಟ್ಟಿ ಬರೆದ ಕೈ ಅದು. ಈ ಸಲ ನಾರಿನ ಕುಂಚವನ್ನು ನನ್ನ ಕೈಗೆ ಕೊಟ್ಟು, “ಬರಿ. ಕೈ ಹೇಳ್ದಂಗೆ ಬರಿ. ತಲೆ ಹೇಳ್ದಂಗೆ ಬರೀಬೇಡ” ಎಂದಳು. ನಾಲ್ಕನೆಯ ದಿನ ಗೆರೆ ಒಣಗಿದ ಮೇಲೆ ಬುಟ್ಟಿಯನ್ನು ಮಡಿಲಿಗೆ ತರಿಸಿಕೊಂಡು ಬೆರಳಿನಿಂದ ನೋಡಿದಳು. ಬೆರಳು ಗೊಂಬೆಗಳನ್ನು ದಾಟಿತು, ಭತ್ತದ ಸಸಿಗಳನ್ನು ದಾಟಿತು, ಏಣಿಗೆ ಬಂದು ನಿಂತಿತು.

“ಇಲ್ಲೀವರೆಗೆ ಚಲೋ ಬಂದದೆ. ಈ ಏಣಿ ಬರಿಯೋವಾಗ ಎಂತ ಆಗಿತ್ತೇ ನಿಂಗೆ?”

“ಎಂತೂ ಇಲ್ಲಜ್ಜೀ.”

“ಯಾರ ಹತ್ರ ಸುಳ್ಳು ಹೇಳ್ತಿದ್ದೆ?”

ನನ್ನ ಕಿವಿ ಬಿಸಿಯಾಯಿತು. ಆ ಏಣಿ ಬರೆಯುವಾಗ ನಾನು ನಿಮ್ಮ ಜೊತೆ ಮಾತಾಡುತ್ತಿದ್ದೆ. “ಎಂ.ಎ. ಓದಿ ಬುಟ್ಟಿಗೆ ಬಣ್ಣ ಬಳೀತಾ ಕೂತಿದೀರೇನ್ರೀ?” ಎಂದು ನೀವು ನಗುತ್ತಾ ಕೇಳಿದಿರಿ. ನಾನು, “ಇಲ್ಲ, ಅಜ್ಜಿಗೆ ಬೇಜಾರಾಗ್ತದೆ ಅಂತ, ಅಷ್ಟೇ” ಎಂದೆ. ಅಜ್ಜಿಯ ಬೆನ್ನಿನ ಹಿಂದೆ ಅಡಗಿಕೊಂಡ ಹಾಗೆ. ಆಗ ಅಜ್ಜಿ ಹಿತ್ತಿಲಿನಲ್ಲಿದ್ದಳು.

ಇದಕ್ಕೆ ನೀವು ಹೇಳಬಹುದಾದ ಕಾರಣ ನನಗೂ ಹೊಳೆಯಿತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದೆ, ಅದರಿಂದ ಗೆರೆ ದಪ್ಪವಾಗಿತ್ತು, ಬೆರಳಿಗೆ ತಿಳಿಯಿತು. ಸರಿ. ಆದರೆ ಅಜ್ಜಿ, ಫೋನಿನಲ್ಲಿ ಇದ್ದೆಯಾ ಎಂದು ಕೇಳಲಿಲ್ಲವಲ್ಲ. ದಪ್ಪ ಗೆರೆಯೊಳಗಿನ ಸುಳ್ಳು ಯಾವ ಬೆರಳಿಗೆ ಸಿಗುತ್ತದೆ? ಒದ್ದೆ ಬಟ್ಟೆಯಿಂದ ಒರೆಸಿ ಹೊಸದಾಗಿ ಬರೆಯುತ್ತೇನೆ ಎಂದೆ.

“ಒರಸ್ಬೇಡ. ಹಂಗೇ ಹೋಗ್ಲಿ ಗದ್ದೆಗೆ. ಅವ್ಳಿಗೂ ಗೊತ್ತಾಗ್ಲಿ” ಎಂದಳು.

ಕೂಗುವುದು ಯಾರು ಎಂಬ ಮಾತು ನಿನ್ನೆಯವರೆಗೂ ಇತ್ಯರ್ಥವಾಗಲಿಲ್ಲ. ಅಣ್ಣನಿಗೆ ಆ ಹೆಸರುಗಳು ಬಾಯಿಗೆ ಬರುವುದಿಲ್ಲ. ಲೈನ್‌ಮನ್ ಕೆಲಸದವನು, ಕರೆಂಟ್ ಕಂಬ ಹತ್ತಿ ಅಷ್ಟೆತ್ತರದಿಂದ ಬೇಕಾದರೆ ಬೈದಾನು, ಆದರೆ ಗದ್ದೆಯಲ್ಲಿ ನಿಂತು ಸೊಪ್ಪಿನ ಹೆಸರು ಕೂಗುವುದೆಂದರೆ ಅವನಿಗೆ ನಾಚಿಕೆ. “ರಜನಿ ಫೋನಲ್ಲಿ ಅಪ್ಪನ ದನಿ ಇದ್ಯಲ್ಲ, ಅದ್ನೇ ಸ್ಪೀಕರಿಗೆ ಹಾಕದು. ಅಪ್ಪಂದೇ ದನಿ, ಅಪ್ಪಂದೇ ಗದ್ದೆ. ಏನ್ ತಪ್ಪು?” ಎಂದ. ಅಮ್ಮ ಒಪ್ಪಿದಳು. ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿಗೆ ಯಾರೂ ಹೇಳಲಿಲ್ಲ. ಫೋನ್ ನನ್ನದಾದ್ದರಿಂದ ನಾನೂ ಹೋಗಬೇಕಾಯಿತು.

ಇವತ್ತು ಬೆಳಗಿನ ಜಾವ ಹೊರಟೆವು. ಅಪ್ಪನ ತಲೆಯ ಮೇಲೆ ಬುಟ್ಟಿ, ಅಣ್ಣನ ಕೈಯಲ್ಲಿ ಬೆಲ್ಲದ ಸಣ್ಣ ಅಚ್ಚಿನಷ್ಟಿದ್ದ ಸ್ಪೀಕರ್, ಹಿಂದೆ ನಾನು. ಟಾರ್ಚ್ ಬೇಕಾಗಲಿಲ್ಲ. ಹುಣ್ಣಿಮೆಯ ಚಂದ್ರ ಚಂದ್ರಗುತ್ತಿ ಗುಡ್ಡದ ಕಡೆ ಇಳಿಯುತ್ತಿದ್ದ, ಪೂರ್ವದಲ್ಲಿ ಬೆಳಕಿನ ಒಂದು ಗೀರು ಮೂಡಿತ್ತು. ಎರಡು ಬೆಳಕಿನ ನಡುವೆ ಭತ್ತದ ಗದ್ದೆ ಯಾವ ಬಣ್ಣವೂ ಇಲ್ಲದೆ ನಿಂತಿತ್ತು. ಸುತ್ತಲಿನ ಗದ್ದೆಗಳಿಂದ ಆಗಲೇ ಕೂಗು ಬರುತ್ತಿತ್ತು. ಹತ್ತಿರದವು ಮಾತಾಗಿ, ದೂರದವು ಬರೀ ನಾದವಾಗಿ.

ಅಣ್ಣ ಗುಂಡಿ ಒತ್ತಿದ. “ಕನೆಕ್ಟೆಡ್” ಎಂದು ಒಬ್ಬ ಹೆಂಗಸಿನ ದನಿ ಗದ್ದೆಗೆಲ್ಲ ಕೇಳುವಂತೆ ಹೇಳಿತು. ಆಮೇಲೆ ಅಪ್ಪನ ದನಿ ಬಂತು. ಒಳ್ಳೆಯ ದನಿ, ಗಂಟು ಬರುವ ಮುಂಚಿನದು. ಅಪ್ಪ ಅದಕ್ಕೆ ತಕ್ಕಂತೆ ಹಚ್ಚಂಬಲಿ ಎರಚುತ್ತಾ ನಡೆದರು. ನಾಲ್ಕು ಹೆಸರಾದವು, ಐದಾದವು. ಇದ್ದಕ್ಕಿದ್ದಂತೆ ನಾಯಿ ಬೊಗಳಿತು, ಎರಡು ವರ್ಷದ ಹಿಂದಿನ ನಮ್ಮ ಅಂಗಳದ ನಾಯಿ. ಅದರ ಹಿಂದೆಯೇ ನನ್ನ ದನಿ: “ಅಪ್ಪಾ, ಸ್ವಲ್ಪ ನಿಲ್ಸು. ಹಾಗಲ ಆದ್ಮೇಲೆ ಹೇಳಿದ್ದು ಮೈಕಿಗೆ ಸಿಗ್ಲಿಲ್ಲ. ಇನ್ನೊಂದ್ಸಲ ಹತ್ರ ಬಂದು ಹೇಳು.”

ಬಸುರಿಯನ್ನು ಊಟಕ್ಕೆ ಕರೆದು, ಎಲೆಯ ಮುಂದೆ ಕೂರಿಸಿ, ತಡಿ ಒಂದು ಫೋಟೋ ತೆಗೆದುಕೊಳ್ಳುತ್ತೇನೆ ಎಂದ ಹಾಗಾಯಿತು. ಅಣ್ಣ ಗಾಬರಿಯಿಂದ ಮುಂದಕ್ಕೆ ಒತ್ತಿದ, ಹಿಂದಕ್ಕೆ ಒತ್ತಿದ. ನನ್ನ ದನಿಯೇ ಮತ್ತೆ ಮತ್ತೆ ಬಂತು. ನಿಲ್ಸು, ಇನ್ನೊಂದ್ಸಲ, ಹತ್ರ ಬಂದು. ಪಕ್ಕದ ಗದ್ದೆಯಲ್ಲಿ ಯಾರೋ ನಕ್ಕರು. ಅಪ್ಪ ಕೈ ಎತ್ತಿ ಆರಿಸಲು ಸನ್ನೆ ಮಾಡಿದರು.

ಸುತ್ತ ಎಲ್ಲ ಗದ್ದೆಗಳೂ ಕರೆಯುತ್ತಿದ್ದವು. ನಮ್ಮದೊಂದು ಸುಮ್ಮನಿತ್ತು. ಅಪ್ಪನ ಬೆನ್ನು ನೆಟ್ಟಗಾಯಿತು, ಎದೆ ಉಬ್ಬಿತು. ಅವರೇ ಕೂಗಲು ಹೊರಟಿದ್ದಾರೆ ಎಂದು ನನಗೆ ತಿಳಿಯಿತು. ಬದುವಿನ ಮೇಲೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದವಳು ಚಪ್ಪಲಿ ಬಿಟ್ಟು ಇಳಿದು ಅವರ ತೋಳು ಹಿಡಿದೆ. ಅಂಗಾಲಿಗೆ ಬೆಚ್ಚಗಾಯಿತು.

ಕೂಗಿದೆ.

ಮೊದಲನೆಯದು ಒಡೆಯಿತು. ಕೋಳಿಮರಿಯ ದನಿ ಎಂದು ನನಗೇ ಅನ್ನಿಸಿತು. ಕೆಸ, ಹಾಗಲ, ಅಮಟೆ, ನುಗ್ಗೆ, ಒಂದೆಲಗ. ಪ್ರಬಂಧಕ್ಕೆಂದು ಪಟ್ಟಿ ಮಾಡಿದ್ದ ಹೆಸರುಗಳು ಈಗ ಪಟ್ಟಿಯಾಗಿ ಬರಲಿಲ್ಲ. ಒಂದೊಂದು ಹೆಸರಿಗೂ ಆ ಸೊಪ್ಪು ಬೆಳೆದ ಜಾಗ ಕಣ್ಣಿಗೆ ಬಂತು, ಕುಯ್ದ ಕೈ ಕಣ್ಣಿಗೆ ಬಂತು. ಎಲ್ಲದರ ಕೊನೆಗೆ, “ಉಣ್ಣಾಕೆ ಬಾರವ್ವಾ!” ಎಂದು ಹೊಟ್ಟೆಯಿಂದ ಎತ್ತಿ ಕರೆದೆ. ಅಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತೋ ಗೊತ್ತಿಲ್ಲ.

ಸುತ್ತಲಿನ ಕೂಗುಗಳು ನಿಂತವು. ಹೆಂಗಸಿನ ದನಿ ಕೇಳಿ ಎಲ್ಲರೂ ನಿಂತಿರಬೇಕು. ಗಾಳಿ ಇರಲಿಲ್ಲ. ಭತ್ತ ಅಲುಗಲಿಲ್ಲ. ಪವಾಡ ಏನೂ ಆಗಲಿಲ್ಲ, ಯೋಗೇಶ ಅವರೇ. ನೀವು ಬಂದು ಗುಟ್ಟು ಬಿಡಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೆ ಒಂದು ಮನೆಯ ಮುಂದೆ ನಿಂತು ಕರೆದಾಗ, ಬಾಗಿಲು ತೆರೆಯುವ ಮುಂಚೆ, ಹೆಜ್ಜೆಯ ಸಪ್ಪಳಕ್ಕೂ ಮುಂಚೆ, ಒಳಗೆ ಯಾರೋ ಎದ್ದದ್ದು ಗೊತ್ತಾಗುತ್ತದಲ್ಲ, ಹಾಗಾಯಿತು. ಇಡೀ ಬಯಲು ಎದ್ದು ಕೇಳಿಸಿಕೊಳ್ಳುತ್ತಿತ್ತು. ಕಾಲ ಕೆಳಗಿನ ಬಿಸುಪು ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಎದೆಗೆ ಬಂದು ನಿಂತಿತು. ನನ್ನ ಕೂಗು ಎಲ್ಲಿ ಮುಗಿಯಿತು, ಆ ಮೌನ ಎಲ್ಲಿ ಶುರುವಾಯಿತು ಎಂದು ಹೇಳಲಾರೆ. ಇಷ್ಟು ದೊಡ್ಡದರ ಎದುರು ನಿಂತಿದ್ದೇನೆ, ಅದು ನನ್ನ ಮಾತಿಗಾಗಿ ಕಾದಿದೆ ಎಂಬ ಭಯ, ಭಯದಷ್ಟೇ ಸಂತೋಷ. ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಪಕ್ಕದ ಗದ್ದೆಯ ಸುಬ್ಬಪ್ಪ ದೊಡ್ಡಪ್ಪ, ಸ್ವಲ್ಪ ಹೊತ್ತಿನ ಮುಂಚೆ ನಕ್ಕದ್ದು ಅವರೇ ಇರಬೇಕು, “ಓ ಓ ಓ” ಎಂದು ಓಗೊಟ್ಟರು. ಆಮೇಲೆ ಅದರಾಚೆಯ ಗದ್ದೆ, ಅದರಾಚೆಯದು. ಅಪ್ಪ ಬುಟ್ಟಿಯನ್ನು ತಲೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟರು. ಗದ್ದೆಯ ಉಳಿದ ಮೂರು ಮೂಲೆಗಳಲ್ಲೂ ನಾನೇ ಕರೆದೆ, ನಾನೇ ಎರಚಿದೆ. ಅಣ್ಣ ಸ್ಪೀಕರನ್ನು ಜೇಬಿಗೆ ಹಾಕಿಕೊಂಡು ಹಿಂದೆ ಬಂದ. ದಾರಿಯಲ್ಲಿ ಒಂದೇ ಮಾತು ಆಡಿದ: “ಅವತ್ತು ಶಾಲೆಯಲ್ಲಿ ನಾನು ಹೇಳ್ಬಾರ್ದಿತ್ತು ಮಾರಾಯ್ತಿ.”

ನಾವು ಮನೆಗೆ ಬಂದಾಗ ಅಜ್ಜಿ ಜಗುಲಿಯಲ್ಲಿ ಗದ್ದೆಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ನನ್ನ ಗಂಟಲಿನ ಮೇಲೆ ಬೆರಳಿಟ್ಟಳು.

“ಮೊದ್ಲು ಹುಲಿಯಪ್ಪನ ದನಿ ಬಂತು. ಅದ್ರಲ್ಲಿ ಉಸಿರಿರ್ಲಿಲ್ಲ. ಆಮೇಲೆ ಬಂತು ನೋಡು, ನಂದೇ ದನಿ ಅಂದ್ಕಂಡೆ.”

ಆಮೇಲೆ ಅವಳು ಹೇಳಿದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ತೊಟ್ಟಿಲಲ್ಲಿದ್ದ ವರ್ಷ ಅಜ್ಜ ಜ್ವರ ಬಂದು ಮಲಗಿದ್ದರಂತೆ. ಮೈದುನ ಊರಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷದ ಅಜ್ಜಿ ತಲೆಗೆ ಕಂಬಳಿ ಹೊದ್ದು ತಾನೇ ಗದ್ದೆಗೆ ಹೋಗಿ ಕೂಗಿದಳಂತೆ. ಅವಳ ಕಾಲಿಗೂ ಬೆಚ್ಚಗಾಗಿತ್ತಂತೆ. ಬೆಳಗಾದ ಮೇಲೆ ಊರವರು ಕೇಳಿದಾಗ ಅವಳ ಅತ್ತೆ, ಮೈದುನ ರಾತ್ರಿ ಬಂದು ಕೂಗಿ ಹೋದ ಎಂದು ಹೇಳಿದಳು. ಅಜ್ಜಿ ತಲೆ ಬಗ್ಗಿಸಿ ಕೂತಳು. ಆ ಸುಳ್ಳು ಇವತ್ತಿಗೂ ಊರಲ್ಲಿ ನಿಜವಾಗಿಯೇ ಇದೆ.

“ಅವ್ಳನ್ನ ಉಣ್ಣಾಕೆ ಕರ್ದಿದ್ದು ನಾನು ಅಂತ ಒಂದ್ಸಲ ಯಾರ ಹತ್ರನಾದ್ರೂ ಹೇಳ್ಬೇಕು ಅಂತಿತ್ತು ಕಣೇ. ಹೇಳಾಕೆ ಆಗ್ಲೇ ಇಲ್ಲ. ಈಗ ಹೇಳ್ದೆ” ಎಂದಳು. ಅವಳ ಪಾದ ಎರಡೂ ನನ್ನ ಕೈಯಲ್ಲಿದ್ದವು. ಯಾವಾಗ ಹಿಡಿದುಕೊಂಡೆನೋ ಗೊತ್ತಿಲ್ಲ.

ಎಂಟು ಗಂಟೆಗೆ ನೀರು ಬಂತು. ನಾನು, ಅಮ್ಮ ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದೆವು. ಸುಬ್ಬಪ್ಪ ದೊಡ್ಡಪ್ಪ ಹಲ್ಲುಜ್ಜುತ್ತಾ ಬಂದರು. “ಏನ್ ವನಜಮ್ಮ, ನಿಮ್ಮ ಗದ್ದೇಲಿ ಬೆಳಗ್ಗೆ ಕೂಗಿದ್ದು ಯಾರು? ಮೈಯೆಲ್ಲ ಜುಮ್ ಅಂತು ಮಾರಾಯ್ತಿ” ಎಂದರು.

ಅಮ್ಮ ನನ್ನ ಕಡೆ ನೋಡದೆ, “ನಮ್ಮ ದೇವರಾಜ” ಎಂದಳು. “ನೆಗಡಿ ಆಗಿದ್ಯಲ್ಲ, ದನಿ ಸಣ್ಣಾಗದೆ.”

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳ ಹೆದರಿಕೆ ನೀವು. ಗಂಡಿನ ಕಡೆಯವರು ಇಂಥದ್ದಕ್ಕೆಲ್ಲ ನಗುವವರು, ಮುಂದಿನ ತಿಂಗಳು ನಿಶ್ಚಿತಾರ್ಥ, ಮಾತು ಶಿಕಾರಿಪುರದವರೆಗೆ ಹೋದರೆ ಎಂದು. ಅವಳು ಆ ಸುಳ್ಳು ಹೇಳಿದ್ದು ನನಗಾಗಿ. ಅಜ್ಜಿಯ ಅತ್ತೆ ಹೇಳಿದ್ದೂ ಸೊಸೆಗಾಗಿಯೇ ಇದ್ದೀತು.

“ಅಣ್ಣ ಅಲ್ಲ ದೊಡ್ಡಪ್ಪ. ನಾನು” ಎಂದೆ.

ನಲ್ಲಿಯ ಹತ್ತಿರ ಐದಾರು ಜನರಿದ್ದರು. ದೊಡ್ಡಪ್ಪನ ಕೈಯಲ್ಲಿ ಬ್ರಷ್ ಹಾಗೇ ನಿಂತಿತು. “ಓಹೋ! ನೋಟೀಸ್ ಬೋರ್ಡ್ ತರ ಗೋಡೆಗೆ ಒರಗಿ ನಿಂತಿರೋ ನೀನಾ?” ಎಂದರು. ಎಲ್ಲರೂ ನಕ್ಕರು. ಆಮೇಲೆ ಅವರು ಬಾಯಿ ಮುಕ್ಕಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಬರೋ ವರ್ಷ ನಮ್ಮ ಗದ್ದೆಗೂ ಒಂದು ಕೂಗು ಹಾಕವ್ವ” ಎಂದು ಹೊರಟುಹೋದರು. ಅಮ್ಮನ ಕೊಡ ತುಂಬಿ ಹರಿಯುತ್ತಿತ್ತು.

ಇಷ್ಟೇ ನಡೆದದ್ದು. ಈಗ ನಿಮಗೆ ಹೇಳಬೇಕಾದದ್ದು.

ನನಗೆ ನಂಬಿಕೆ ಇದೆ. ಭೂಮಿ ಬದುಕಿದ್ದಾಳೆ, ಕರೆದರೆ ಕೇಳಿಸಿಕೊಳ್ಳುತ್ತಾಳೆ ಎಂದು ನನ್ನ ಕಾಲು ಬಲ್ಲದು. ಕೆಲವು ವಿಷಯ ನನಗೆ ಕಾರಣ ಸಿಗುವ ಮುಂಚೆಯೇ ತಿಳಿಯುತ್ತವೆ, ಅವನ್ನು ನಾನು ಇನ್ನು ಮುಂದೆ ಭ್ರಮೆ ಎಂದೋ, ಕಾಕತಾಳೀಯ ಎಂದೋ ಕರೆಯುವುದಿಲ್ಲ. ನಿಮಗೆ ಪುರಾವೆ ಬೇಕು, ಅದು ನಿಮ್ಮ ಕೆಲಸ. ನನ್ನ ಹತ್ತಿರ ಇರುವುದು ಎರಡು ಅಂಗಾಲು. ಕೆಸರಿನ ಮೇಲೆ ನೀರಿದ್ದರೆ ರಾತ್ರಿಯೆಲ್ಲ ಬಿಸುಪು ಹಿಡಿದಿಡುತ್ತದೆ ಎಂದು ನೀವು ವಿವರಿಸಬಹುದು. ವಿವರಿಸಿ, ನನಗೆ ಕೇಳಲು ಇಷ್ಟ. ಅದನ್ನು ತಿಳಿದ ಮೇಲೂ ನಾನು ಮುಂದಿನ ವರ್ಷ ಚಪ್ಪಲಿ ಬಿಟ್ಟೇ ಇಳಿಯುತ್ತೇನೆ.

ಹಾವು ಕಚ್ಚಿದವರನ್ನು ನಾನೂ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತೇನೆ. ಹೆದರಿದವರನ್ನು ಇನ್ನಷ್ಟು ಹೆದರಿಸಿ ಬದುಕುವವರನ್ನು ಕಂಡರೆ ನನಗೂ ಉರಿಯುತ್ತದೆ. ನಿಮ್ಮ ಕಾರ್ಯಕ್ರಮಗಳಿಗೆ ಬಂದು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ. ಆದರೆ ಯಾರಾದರೂ ನನ್ನನ್ನು, ನಿಮಗೆ ನಂಬಿಕೆ ಇದೆಯೇ ಎಂದು ಕೇಳಿದರೆ, ನೀವು ಪಕ್ಕದಲ್ಲಿದ್ದಾಗಲೂ ಇದೆ ಎನ್ನುತ್ತೇನೆ. ಶಿಕಾರಿಪುರದ ನಿಮ್ಮ ಬಾಡಿಗೆ ಮನೆಯಲ್ಲಿ ಗದ್ದೆ ಇಲ್ಲ, ಗೊತ್ತು. ಬುಟ್ಟಿ ಬರೆಯಲು ಐದು ದಿನ, ಒಂದು ಮೂಲೆ ಸಾಕು. ಹುಣ್ಣಿಮೆಗೆ ಬಸ್ಸು ಹಿಡಿದು ಇಲ್ಲಿಗೆ ಬರುತ್ತೇನೆ. ನೀವು ಬದುವಿನ ಮೇಲೆ ನಿಂತು ನೋಡಿದರೆ ಸಂತೋಷ. ಬರದೇ ಇದ್ದರೂ ನಾನು ಬರುತ್ತೇನೆ.

ಇದನ್ನೆಲ್ಲ ಮದುವೆಯಾದ ಮೇಲೆ ನಿಧಾನಕ್ಕೆ ಹೇಳಬಹುದಿತ್ತು. ಆಗ ನೀವು ಒಪ್ಪಿಕೊಂಡ ಹುಡುಗಿ ಒಬ್ಬಳು, ಮನೆಗೆ ಬಂದವಳು ಇನ್ನೊಬ್ಬಳು ಆಗುತ್ತಿದ್ದಳು. ಅದು ನಿಮಗೆ ಮಾಡುವ ಮೋಸ. ಅದಕ್ಕೇ ಇವತ್ತೇ ಬರೆದೆ. ಓದುವಾಗ ಎಲ್ಲಾದರೂ ನಗು ಬಂದರೆ ನಕ್ಕುಬಿಡಿ. ಆದರೆ ಕೊನೆಯವರೆಗೂ ಓದಿ.

ಗೌರವದಿಂದ, ಮತ್ತು ಇನ್ನೂ ಹೆಸರಿಡದ ಪ್ರೀತಿಯಿಂದ,
ರಜನಿ

ಮತ್ತೆ ಒಂದು ಮಾತು: ಗುರುವಾರ ಅಪ್ಪ ಶಿಕಾರಿಪುರದ ಮಾರುಕಟ್ಟೆಗೆ ಬರುತ್ತಾರೆ. ಈ ಲಕೋಟೆಯನ್ನು ಅವರೇ ನೀವು ಪಾಠ ಮಾಡುವ ಶಾಲೆಗೆ ತಂದು ಕೊಡುತ್ತಾರೆ. ಮಾತಾಡುವುದಿಲ್ಲ, ತಪ್ಪು ತಿಳಿಯಬೇಡಿ. ಒಳಗೆ ನನ್ನ ಉಂಗುರದ ಅಳತೆಯ ದಾರವಿದೆ ಎಂದು ಅವರೂ ಅಮ್ಮನೂ ನಂಬಿದ್ದಾರೆ. ಅಕ್ಕಸಾಲಿಗರಿಗೆ ಕೊಡಬೇಕೆಂದು ನಿಮ್ಮ ಅಮ್ಮ ಎರಡು ಸಲ ಫೋನ್ ಮಾಡಿ ಕೇಳಿದರಂತೆ. ದಾರವನ್ನು ಬೆರಳಿಗೆ ಸುತ್ತಿ, ಅಳತೆಗೆ ಗಂಟು ಹಾಕಿ, ಲಕೋಟೆಯ ಬಾಯಿಯವರೆಗೂ ತಂದಿದ್ದೆ. ಒಳಗೆ ಹಾಕಿಲ್ಲ. ಇದನ್ನು ಓದಿದ ಮೇಲೂ ಅಳತೆ ಬೇಕು ಎನ್ನಿಸಿದರೆ ನೀವೇ ಬಂದು ತೆಗೆದುಕೊಳ್ಳಿ. ಬೇಡವೆನ್ನಿಸಿದರೆ ಒಂದು ಸಾಲು ಬರೆಯಿರಿ, ಮನೆಯವರಿಗೆ ನಾನೇ ಹೇಳುತ್ತೇನೆ.